ಪಕ್ಕದ ಗದ್ದೆ ಲೇಔಟ್ ಆಗುತ್ತಿದೆಯಾ? ಹಳ್ಳ ಮುಚ್ಚುವ ಮುಂಚೆ ಮಾಡಬೇಕಾದ ಕೆಲಸ

ಜೆಸಿಬಿ ಗದ್ದೆಗೆ ಇಳಿದ ಮೇಲೆ ಜನ ನನ್ನನ್ನು ಹುಡುಕಿಕೊಂಡು ಬರುತ್ತಾರೆ. "ಅಕ್ಕಾ, ಮೇಲಿನ ಗದ್ದೆ ಲೇಔಟ್ ಆಗ್ತಾ ಇದೆ, ಏನಾದ್ರೂ ಮಾಡೋಕಾಗತ್ತಾ?" ಅಂತ ಕೇಳುತ್ತಾರೆ. ಮಾಡಬಹುದು. ಆದರೆ ಅಷ್ಟೊತ್ತಿಗೆ ಅರ್ಧ ದಾರಿ ಮುಗಿದಿರುತ್ತದೆ. ಜೆಸಿಬಿ ಬರುವುದು ಕೊನೆಗೆ. ಅದಕ್ಕೂ ಎಷ್ಟೋ ತಿಂಗಳ ಮುಂಚೆಯೇ ಆ ಗದ್ದೆಯ ಕಡತ ಒಂದು ಕಚೇರಿಯಿಂದ ಇನ್ನೊಂದಕ್ಕೆ ಓಡಾಡಿರುತ್ತದೆ. ಆ ಕಡತದಲ್ಲಿ ನಿಮ್ಮದೊಂದು ಕಾಗದ ಇರಬೇಕು. ಅದನ್ನು ಹೇಗೆ ಬರೆಯುವುದು, ಎಲ್ಲಿ ಕೊಡುವುದು, ಯಾವಾಗ ಕೊಡುವುದು ಅಂತ ಹೇಳುತ್ತೇನೆ.

ನಮ್ಮದು ಶಿವಮೊಗ್ಗ–ತೀರ್ಥಹಳ್ಳಿ ರಸ್ತೆಯಿಂದ ಒಳಗಿರುವ ಊರು. ಸ್ವಲ್ಪ ಅಡಿಕೆ ತೋಟ, ಸ್ವಲ್ಪ ಗದ್ದೆ ಇದೆ. ಒಂದು ಅವಧಿಗೆ ಗ್ರಾಮ ಪಂಚಾಯಿತಿ ಸದಸ್ಯೆಯಾಗಿದ್ದೆ. ನಮ್ಮ ತೋಟದ ಮೇಲ್ಗಡೆ ಎರಡು ಲೇಔಟ್ ಆಗಿವೆ. ಮೊದಲನೆಯದು ಆದಾಗ ನಾವೆಲ್ಲ ಬಾಯಿಮಾತಲ್ಲಿ ಹೇಳಿದೆವು. ಕಚೇರಿಯಲ್ಲಿ ಹೇಳಿದೆವು, ದಾರಿಯಲ್ಲಿ ಸಿಕ್ಕವರಿಗೆ ಹೇಳಿದೆವು. "ನೋಡೋಣ ಬಿಡಿ ಅಮ್ಮಾ" ಅಂದರು. ಆ ವರ್ಷದ ಆಶ್ಲೇಷ ಮಳೆಯಲ್ಲಿ ಲೇಔಟಿನ ಚರಂಡಿ ನೀರೆಲ್ಲ ನೇರವಾಗಿ ನಮ್ಮ ಅಗಳಕ್ಕೆ, ಅಂದರೆ ತೋಟದ ಅಂಚಿನ ಕಂದಕಕ್ಕೆ ಬಿತ್ತು. ಅಗಳ ಒಡೆದು ತೋಟದ ಕಪ್ಪಿನಲ್ಲಿ (ಬಸಿಗಾಲುವೆಯಲ್ಲಿ) ಮಣ್ಣು ಕೂತಿತು. ನೀರು ಬಸಿಯಲು ದಾರಿಯಿಲ್ಲದೆ ಮೂರು ವಾರ ನಿಂತು, ಕೆಳಗಿನ ಎರಡು ಸಾಲು ಅಡಿಕೆ ಮರ ಹಳದಿ ತಿರುಗಿ ಹೋದವು. ಕೇಳಲು ಹೋದರೆ, "ನೀವು ಅರ್ಜಿ ಕೊಟ್ಟಿದ್ರಾ? ಕಡತದಲ್ಲಿ ಇಲ್ವಲ್ಲ" ಅಂದರು. ಅವರು ಹೇಳಿದ್ದು ನಿಜ. ಕಡತದಲ್ಲಿ ನಮ್ಮ ಒಂದು ಅಕ್ಷರವೂ ಇರಲಿಲ್ಲ.

ಎರಡನೇ ಲೇಔಟ್ ಬಂದಾಗ ಹಾಗಾಗಲು ಬಿಡಲಿಲ್ಲ.

ಮೊದಲ ಸುಳಿವು ಸಿಗುವುದು ಗದ್ದೆಯಲ್ಲೇ. ಮೂರು ಕಾಲಿನ ಸರ್ವೆ ಯಂತ್ರ ನಿಲ್ಲಿಸಿಕೊಂಡು ಯಾರೋ ಅಳೆಯುತ್ತಿರುತ್ತಾರೆ. ಬದುವಿನ ಮೇಲೆ ಬಣ್ಣ ಬಳಿದ ಕಲ್ಲು ಕಾಣುತ್ತದೆ. ಎರಡು ವರ್ಷ ಸಸಿ ಹಾಕದೆ ಗದ್ದೆ ಸುಮ್ನೆ ಬಿಟ್ಟಿರುತ್ತಾರೆ. 2023ರ ಫೆಬ್ರವರಿಯಲ್ಲಿ ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆಯಾದ ಮೇಲಂತೂ ಶಿವಮೊಗ್ಗದ ಸುತ್ತ ಸೈಟಿನ ಬೋರ್ಡು ಇಲ್ಲದ ದಾರಿಯೇ ಇಲ್ಲ ಅನ್ನಿಸುತ್ತದೆ ನನಗೆ. ಇಂಥದ್ದು ಕಂಡ ದಿನವೇ ಸರ್ವೆ ನಂಬರ್ ತಿಳಿದುಕೊಳ್ಳಿ. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಗದ್ದೆ ಬದುವಿನ ಮೇಲೆ ನಿಂತರೆ ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಅಂತ ತೋರಿಸುತ್ತದೆ. ಗಡಿ ಅಷ್ಟು ಕರಾರುವಾಕ್ಕಾಗಿ ಇರುವುದಿಲ್ಲ, ಆದರೆ ನಂಬರ್ ಹಿಡಿಯಲು ಸಾಕು.

ನಂಬರ್ ಸಿಕ್ಕಿತಾ? ಪಹಣಿ ತೆಗೆಸಿ. ಒಂಬತ್ತನೇ ಕಾಲಂನಲ್ಲಿ ಮಾಲೀಕರ ಹೆಸರು ಇರುತ್ತದೆ, ಅದನ್ನು ಎಲ್ಲರೂ ನೋಡುತ್ತಾರೆ. ನೀವು ಮೂರನೇ ಕಾಲಂ ನೋಡಿ. ಅಲ್ಲಿ ಒಟ್ಟು ವಿಸ್ತೀರ್ಣ, ಅದರ ಕೆಳಗೆ ಎ ಖರಾಬು, ಬಿ ಖರಾಬು ಅಂತ ಇರುತ್ತದೆ. ಬಿ ಖರಾಬು ಅಂದರೆ ಹಳ್ಳ, ದಾರಿ, ಕೆರೆಯಂಥ ಸಾರ್ವಜನಿಕ ಜಾಗ. ಗದ್ದೆಯ ಮಾಲೀಕರು ಅದನ್ನು ಮಾರುವ ಹಾಗಿಲ್ಲ. ನಮ್ಮ ಮೇಲಿನ ಸರ್ವೆ ನಂಬರ್ 6 ಎಕರೆ 20 ಗುಂಟೆ, ಅದರಲ್ಲಿ ಬಿ ಖರಾಬು 7 ಗುಂಟೆ. ಆ 7 ಗುಂಟೆಯೇ ನಮ್ಮ ಹಳ್ಳ. ಜೊತೆಗೆ ಗ್ರಾಮ ನಕ್ಷೆ ಇಟ್ಟುಕೊಳ್ಳಿ. ಭೂಮಾಪನ ಇಲಾಖೆಯ ವೆಬ್‌ಸೈಟಿನಲ್ಲೇ ಸಿಗುತ್ತದೆ. ಅಜ್ಜನ ಕಾಲದ ಹಳ್ಳ, ಬಂಡಿ ದಾರಿ ಎಲ್ಲ ಅದರಲ್ಲಿ ಗೆರೆಯಾಗಿ ಕೂತಿರುತ್ತವೆ.

ಈಗ ಕಡತ ಎಲ್ಲಿದೆ ಅಂತ ಹುಡುಕಬೇಕು. ಕೃಷಿ ಜಮೀನು ಸೈಟ್ ಆಗಬೇಕಾದರೆ ಮುಖ್ಯವಾಗಿ ಎರಡು ಬಾಗಿಲು ದಾಟಬೇಕು. ಒಂದು ಭೂಪರಿವರ್ತನೆ. 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಅದು ಜಿಲ್ಲಾಧಿಕಾರಿಗಳ ಕೈಯಲ್ಲಿದೆ. ಇನ್ನೊಂದು ಲೇಔಟ್ ನಕ್ಷೆಯ ಮಂಜೂರಾತಿ. ನಿಮ್ಮ ಊರು ಶಿವಮೊಗ್ಗ–ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರದ ಯೋಜನಾ ಪ್ರದೇಶದೊಳಗೆ ಬಂದರೆ ಆ ಕಡತ ಆ ಪ್ರಾಧಿಕಾರದಲ್ಲಿ, ಅಂದರೆ ಜನ ಕರೆಯುವ ಸೂಡಾದಲ್ಲಿರುತ್ತದೆ. ಹೊರಗಿದ್ದರೆ ನಗರ ಮತ್ತು ಗ್ರಾಮಾಂತರ ಯೋಜನೆ ಇಲಾಖೆಯ ಜಿಲ್ಲಾ ಕಚೇರಿಗೆ ಹೋಗುತ್ತದೆ. ಊರಿನ ಬಹಳಷ್ಟು ಜನ ಪಂಚಾಯಿತಿಯೇ ಎಲ್ಲ ಮಾಡುತ್ತದೆ ಅಂದುಕೊಂಡು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಜಗಳ ಆಡಿ ಬರುತ್ತಾರೆ. ಪಂಚಾಯಿತಿಗೂ ತಿಳಿಸಬೇಕು, ಆದರೆ ನಕ್ಷೆ ಅಳೆದು ನೋಡುವವರು ಬೇರೆ ಕಡೆ ಇದ್ದಾರೆ.

ಇನ್ನೊಂದು ಬಾಗಿಲೂ ಇದೆ. ಯೋಜನಾ ಪ್ರದೇಶದ ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲಾನ್) ಆ ಜಾಗ ಕೃಷಿ ವಲಯ ಅಂತ ಬಣ್ಣ ಹಾಕಿದ್ದರೆ, ಮೊದಲು ಭೂ ಉಪಯೋಗ ಬದಲಾಗಬೇಕು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಕಲಂ ಪ್ರಕಾರ ಅದಕ್ಕೆ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಕಡಿಮೆ ಅಂದರೂ 15 ದಿನ ಆಕ್ಷೇಪಣೆಗೆ ಅವಕಾಶ ಕೊಡಬೇಕು. ಆ ಪ್ರಕಟಣೆ ಒಳಪುಟದ ಮೂಲೆಯಲ್ಲಿ, ಟೆಂಡರ್ ಜಾಹೀರಾತುಗಳ ಮಧ್ಯೆ ಬರುತ್ತದೆ. ಕಂಡ ಕೂಡಲೇ ಕತ್ತರಿಸಿ, ಪತ್ರಿಕೆಯ ಹೆಸರು, ತಾರೀಖು ಬರೆದು ಇಟ್ಟುಕೊಳ್ಳಿ. ಲೇಔಟ್ ನಕ್ಷೆಯ ಹಂತದಲ್ಲಿ ನಿಮ್ಮ ಮನೆಗೆ ಯಾರೂ ನೋಟಿಸ್ ತರುವುದಿಲ್ಲ. ನೀವೇ ಹೋಗಿ ಕಡತಕ್ಕೆ ಸೇರಿಕೊಳ್ಳಬೇಕು.

ಅರ್ಜಿ ಬರೆಯುವ ಮುಂಚೆ ನಾನು ಮಾಡಿದ ಕೆಲಸ ಅಂದರೆ ಗದ್ದೆ ಮಾಲೀಕರ ಮನೆಗೆ ಹೋಗಿದ್ದು. ಅವರು ನಮ್ಮ ಊರವರೇ. ಮಕ್ಕಳು ಬೆಂಗಳೂರಲ್ಲಿ, ನಾಟಿಗೆ ಆಳು ಸಿಗುವುದಿಲ್ಲ, ಗದ್ದೆ ಮಾಡಿದರೆ ಕೈಯಿಂದ ದುಡ್ಡು ಹೋಗುತ್ತದೆ. ಅವರ ಕಷ್ಟ ನನ್ನದೂ ಹೌದು. "ಅಣ್ಣಾ, ಗದ್ದೆ ಏನು ಮಾಡೋದು ಅನ್ನೋದು ನಿಮ್ಮ ಇಷ್ಟ. ಹಳ್ಳ ಮಾತ್ರ ಹಾಗೇ ಬಿಡಿ" ಅಂದೆ. ಅವರು ಒಳಗೆ ಹೋಗಿ ನಕ್ಷೆಯ ಜೆರಾಕ್ಸ್ ತಂದು ಕೊಟ್ಟರು. "ನೀನೇ ನೋಡು ತಂಗಿ. ಅಳೆಯೋರು ಬಂದಿದ್ದು ಮಾರ್ಚಲ್ಲಿ. ಹಳ್ಳದಲ್ಲಿ ಒಂದು ಹನಿ ನೀರಿರಲಿಲ್ಲ" ಅಂದರು. ಆ ಜೆರಾಕ್ಸ್ ಸಿಕ್ಕಿದ್ದರಿಂದ ನನಗೆ ಒಂದು ತಿಂಗಳು ಉಳಿಯಿತು. ದಯವಿಟ್ಟು ಮೊದಲು ಹೋಗಿ ಮಾತಾಡಿ.

ನಕ್ಷೆ ನೋಡುವುದು ಕಷ್ಟವೇನಲ್ಲ. ಮೊದಲು ಉತ್ತರ ದಿಕ್ಕಿನ ಬಾಣ ನೋಡಿ, ನಕ್ಷೆಯನ್ನು ಗದ್ದೆಯ ಹಾಗೇ ತಿರುಗಿಸಿ ಹಿಡಿಯಿರಿ. ನಿಮ್ಮ ಗಡಿ ಯಾವುದು ಅಂತ ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ ವಿವರ) ನೋಡಿ ಗುರುತು ಹಾಕಿ. ಆಮೇಲೆ ಎಲ್ಲ ಬಿಟ್ಟು ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಅಂತ ಬೆರಳಿಟ್ಟು ಹಿಂಬಾಲಿಸಿ. ನಾನು ಹಾಗೆ ಮಾಡಿದಾಗ ಬೆರಳು ಗದ್ದೆಯ ನಡುವೆ ನಿಂತುಬಿಟ್ಟಿತು. ಹಳ್ಳ ಇರಬೇಕಾದ ಕಡೆ 3 ಅಡಿಯ ಚರಂಡಿ ಇತ್ತು. ರಸ್ತೆ ದಾಟುವ ಕಡೆ 2 ಅಡಿ ಪೈಪು. ಚರಂಡಿ ನಮ್ಮ ತೋಟದ ಬೇಲಿಗೆ ಬಂದು ಕೊನೆಯಾಗಿತ್ತು. ಅಲ್ಲಿಂದ ಮುಂದೆ ಎಲ್ಲಿಗೆ ಅಂತ ಗೆರೆಯೇ ಇಲ್ಲ.

ನಮ್ಮ ಹಳ್ಳ ಆ ಜಾಗದಲ್ಲಿ ಸುಮಾರು 600 ಅಡಿ ಉದ್ದ ಹರಿಯುತ್ತದೆ. 3 ಅಡಿ ಅಗಲ ಬಿಟ್ಟರೆ 1,800 ಚದರ ಅಡಿ. ಪಹಣಿಯಲ್ಲಿರುವುದು 7 ಗುಂಟೆ. ಒಂದು ಗುಂಟೆಗೆ 1,089 ಚದರ ಅಡಿ, ಅಂದರೆ 7,623 ಚದರ ಅಡಿ. ಐದು ಗುಂಟೆಗೂ ಜಾಸ್ತಿ ಜಾಗ ಸೈಟುಗಳ ಒಳಗೆ ಸೇರಿಹೋಗಿತ್ತು. 30x40ರ ನಾಲ್ಕು ಸೈಟಿಗಿಂತ ಹೆಚ್ಚು. ಈ ಲೆಕ್ಕ ಅರ್ಜಿಯಲ್ಲಿ ಇದ್ದರೆ ಓದುವವರು ತಕ್ಷಣ ನಕ್ಷೆ ಬಿಚ್ಚುತ್ತಾರೆ.

ಇನ್ನೊಂದು ಲೆಕ್ಕ ನೀರಿನದು. ಒಂದು ಎಕರೆ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ 4 ಲಕ್ಷ ಲೀಟರ್ ನೀರು. ಆರೂವರೆ ಎಕರೆಗೆ 26 ಲಕ್ಷ ಲೀಟರ್. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆ ನಮ್ಮಲ್ಲಿಲ್ಲ, ಆದರೆ ಜುಲೈ, ಆಗಸ್ಟಿನಲ್ಲಿ ಒಂದೇ ದಿನ 100 ಮಿಲಿಮೀಟರ್ ಹೊಡೆದಿದ್ದು ನಮ್ಮೂರು ಕಂಡಿದೆ. ಇಷ್ಟು ದಿನ ಆ ನೀರು ಎಲ್ಲಿಗೆ ಹೋಗುತ್ತಿತ್ತು? ಗದ್ದೆಯಲ್ಲೇ ನಿಲ್ಲುತ್ತಿತ್ತು. 100 ಮಿಲಿಮೀಟರ್ ಅಂದರೆ ನಾಲ್ಕು ಇಂಚು. ಬದು ಗಟ್ಟಿ ಇರುವ ಗದ್ದೆ ನಾಲ್ಕು ಇಂಚು ನೀರನ್ನು ತಡೆದು, ಸ್ವಲ್ಪ ಸ್ವಲ್ಪವೇ ಕೆಳಗೆ ಬಿಡುತ್ತದೆ. ಅದರ ಮೇಲೆ ಡಾಂಬರು, ಕಾಂಕ್ರೀಟು, ತಾರಸಿ ಬಂದರೆ ಬಹುಪಾಲು ನೀರು ಒಂದೇ ಸಲ ಇಳಿಯುತ್ತದೆ. 2019ರ ಆಗಸ್ಟಿನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನುಗ್ಗಿದ್ದನ್ನು ನಾವೆಲ್ಲ ನೋಡಿದ್ದೇವೆ. ಹೊಳೆಗೆ ಹೋಗಿ ಸೇರುವುದು ಇಂಥ ಹಳ್ಳಗಳ ನೀರೇ ಅಲ್ವಾ.

ಸಾಕ್ಷಿ ಬೇಕು. ಮಳೆಗಾಲ ಇದ್ದರೆ ಬಹಳ ಒಳ್ಳೆಯದು. ಒಂದು ಬಿದಿರು ಗಳಕ್ಕೆ ಅಡಿಗೊಂದರಂತೆ ಕೆಂಪು ಬಣ್ಣದ ಪಟ್ಟಿ ಹಾಕಿ, ಹಳ್ಳದ ಅಂಚಿನಲ್ಲಿ ಬುಡಕ್ಕೆ ಕಲ್ಲು ಒಟ್ಟಿ ನಿಲ್ಲಿಸಿದೆ. ಜೋರು ಮಳೆ ಬಂದ ದಿನ ಕಂಬಳಿ ಕೊಪ್ಪೆ ಹಾಕಿಕೊಂಡು ಹೋಗಿ ಮೊಬೈಲಿನಲ್ಲಿ ಫೋಟೋ ತೆಗೆದೆ. ನೀರು ಕೆಂಪಗೆ, ಮೂರನೇ ಪಟ್ಟಿ ಮುಟ್ಟಿಕೊಂಡು ಹೋಗುತ್ತಿತ್ತು. ಆಚೆ ದಡದಿಂದ ಈಚೆ ದಡಕ್ಕೆ 12 ಅಡಿ. 12 ಅಡಿ ಅಗಲ, 3 ಅಡಿ ಆಳ ಅಂದರೆ 36 ಚದರ ಅಡಿಯ ಹರಿವು. 2 ಅಡಿ ಪೈಪಿನ ಬಾಯಿ 3 ಚದರ ಅಡಿಗಿಂತ ಸ್ವಲ್ಪ ಜಾಸ್ತಿ ಅಷ್ಟೆ. ಗಳ, ಹಳ್ಳ, ಹಿಂದೆ ಕಾಣುವ ಮಾವಿನ ಮರ ಮೂರೂ ಒಂದೇ ಫೋಟೋದಲ್ಲಿ ಬರಲಿ. ಜಾಗ ಯಾವುದು ಅಂತ ಯಾರೂ ಅನುಮಾನ ಪಡುವ ಹಾಗಿರಬಾರದು. ಬೇಸಿಗೆಯಲ್ಲಾದರೆ ದಡದ ಮರಗಳ ಬುಡದಲ್ಲಿ ನೀರು ಬಂದ ಗುರುತು ಇರುತ್ತದೆ. ಟೇಪು ಹಿಡಿದು ಅದನ್ನೇ ತೆಗೆಯಿರಿ.

ಅರ್ಜಿ ಒಂದು ಪುಟ ದಾಟಬಾರದು. "ಲೇಔಟ್ ಬೇಡವೇ ಬೇಡ" ಅಂತ ಬರೆಯಬೇಡಿ, ಅದಕ್ಕೆ ಉತ್ತರ ಕೊಡುವುದು ಅವರಿಗೆ ಬಹಳ ಸುಲಭ. ಏನು ತಪ್ಪಿದೆ, ಏನು ಸರಿ ಮಾಡಬೇಕು ಅಷ್ಟೇ ಬರೆಯಿರಿ. ನಾನು ಬರೆದದ್ದು ಹೆಚ್ಚು ಕಡಿಮೆ ಹೀಗಿತ್ತು:

"ವಿಷಯ: ಸದರಿ ಗ್ರಾಮದ ಸರ್ವೆ ನಂಬರಿನಲ್ಲಿ ಉದ್ದೇಶಿತ ವಸತಿ ವಿನ್ಯಾಸ ನಕ್ಷೆಯಲ್ಲಿ ಬಿ ಖರಾಬು ಹಳ್ಳವನ್ನು ಕೈಬಿಟ್ಟಿರುವ ಬಗ್ಗೆ ತಕರಾರು. ಈ ಹಳ್ಳವು ಗ್ರಾಮ ನಕ್ಷೆಯಲ್ಲೂ ಪಹಣಿಯಲ್ಲೂ ದಾಖಲಾಗಿದೆ. ನಕ್ಷೆಯಲ್ಲಿ 3 ಅಡಿ ಚರಂಡಿ ಎಂದು ತೋರಿಸಲಾಗಿದೆ. ಆದ್ದರಿಂದ, ಒಂದು, ಸರ್ವೆ ಮಾಡಿಸಿ ಹಳ್ಳದ ಪೂರ್ತಿ ಅಗಲವನ್ನು ನಕ್ಷೆಯಲ್ಲಿ ಗುರುತಿಸಬೇಕು. ಎರಡು, ರಸ್ತೆ ದಾಟುವಲ್ಲಿ ಪೈಪಿನ ಬದಲು ಹರಿವಿಗೆ ತಕ್ಕ ಮೋರಿ (ಕಿರು ಸೇತುವೆ) ಕಟ್ಟಿಸಬೇಕು. ಮೂರು, ಉದ್ಯಾನಕ್ಕೆ ಬಿಡುವ ಜಾಗವನ್ನು ಹಳ್ಳದ ದಡಕ್ಕೆ ತರಬೇಕು. ನಾಲ್ಕು, ಮಂಜೂರಾತಿಗೆ ಮೊದಲು ನಮ್ಮ ಸಮಕ್ಷಮದಲ್ಲಿ ಸ್ಥಳ ತನಿಖೆ ಮಾಡಬೇಕು."

ಕೆಳಗೆ ಹಳ್ಳದ ನೀರು ತಟ್ಟುವ ಏಳು ಮನೆಯವರ ಸಹಿ, ಒಬ್ಬೊಬ್ಬರ ಹೆಸರಿನ ಮುಂದೆ ಅವರ ಸರ್ವೆ ನಂಬರ್. ಸುಮ್ನೆ ಇನ್ನೂರು ಸಹಿ ತರುವುದಕ್ಕಿಂತ ಇದು ಮೇಲು. ಆ ಜಮೀನಿಗೆ ಸಂಬಂಧಪಟ್ಟವರು ಅಂತ ಕಾಗದವೇ ಹೇಳುತ್ತದೆ. ಜೊತೆಗೆ ಪಹಣಿ, ಗ್ರಾಮ ನಕ್ಷೆ, ಫೋಟೋ ಲಗತ್ತಿಸಿ, ಎಷ್ಟು ಹಾಳೆ ಅಂತ ಅರ್ಜಿಯ ಕೊನೆಗೆ ಬರೆಯಿರಿ.

ನಾಲ್ಕು ಪ್ರತಿ ಮಾಡಿಸಿ. ಒಂದು ನಕ್ಷೆ ಮಂಜೂರು ಮಾಡುವ ಕಚೇರಿಗೆ, ಒಂದು ತಹಶೀಲ್ದಾರರಿಗೆ, ಒಂದು ಗ್ರಾಮ ಪಂಚಾಯಿತಿಗೆ, ಒಂದು ನಿಮಗೆ. ಟೇಬಲ್ ಮೇಲೆ ಇಟ್ಟು ಬರಬೇಡಿ. ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. "ಸಾಹೇಬ್ರು ಇಲ್ಲ, ನಾಳೆ ಬನ್ನಿ" ಅಂದರೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಅರ್ಜಿಯ ಕೊನೇ ಸಾಲಿನಲ್ಲಿ "ಕೈಗೊಂಡ ಕ್ರಮದ ಬಗ್ಗೆ ಹಿಂಬರಹ ನೀಡಬೇಕು" ಅಂತ ಸೇರಿಸಿ. ಹಿಂಬರಹ ಅಂದರೆ ಕಚೇರಿಯ ಲಿಖಿತ ಉತ್ತರ. ಹಿಂಬರಹ ಕೇಳಿದ ಅರ್ಜಿಯನ್ನು ಮೂಲೆಗೆ ಹಾಕುವುದು ಅಷ್ಟು ಸುಲಭವಲ್ಲ.

ನಕ್ಷೆ ಕೈಗೆ ಸಿಗದಿದ್ದರೆ ಮಾಹಿತಿ ಹಕ್ಕು ಇದೆ. 2005ರ ಕಾಯ್ದೆ, 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಅದಕ್ಕೆ ಎಲ್ಲ ಸೇರಿಸಿ ಉದ್ದ ಬರೆಯಬೇಡಿ, ವಾಪಸ್ ಬರುತ್ತದೆ. ನಕಲು ಕೇಳುವ ಮುಂಚೆ ಕಡತ ಪರಿಶೀಲನೆಗೆ ಅವಕಾಶ ಕೇಳಿ. ಕಡತದ ಟಿಪ್ಪಣಿ ಹಾಳೆಯಲ್ಲಿ ಯಾರು ಯಾವ ತಾರೀಖು ಏನು ಬರೆದಿದ್ದಾರೆ ಅಂತ ಕಾಣುತ್ತದೆ. ಬೇಕಾದ ಹಾಳೆಗಳಿಗೆ ಮಾತ್ರ ನಕಲು ಕೇಳಿದರೆ ದುಡ್ಡೂ ಉಳಿಯುತ್ತದೆ. 30 ದಿನ ಆದರೂ ಉತ್ತರ ಬರದಿದ್ದರೆ ಅದರ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ.

ಗ್ರಾಮ ಸಭೆಯಲ್ಲೂ ವಿಷಯ ಎತ್ತಿ. ಚರ್ಚೆ ಆಯಿತು, ಎಲ್ಲರೂ ಹೌದು ಅಂದರು ಅಂತ ಎದ್ದು ಬರಬೇಡಿ. ನಡವಳಿ ಪುಸ್ತಕದಲ್ಲಿ ಬರೆಸಿ, ಓದಿಸಿ ಕೇಳಿ, ಆಮೇಲೆ ನಕಲು ಪಡೆದು ನಕ್ಷೆಯ ಕಚೇರಿಗೆ ಕೊಡಿ. ಆ ಸಭೆಯ ಮಾತಿಗೆ ಲೇಔಟ್ ನಿಲ್ಲಿಸುವ ಬಲ ಇಲ್ಲದಿರಬಹುದು. ಆದರೆ ಹಳ್ಳ ಇದೆ ಅಂತ ಊರೇ ಹೇಳಿದ ಕಾಗದವೊಂದು ಕಡತದಲ್ಲಿ ಕೂರುತ್ತದೆ.

ಸ್ಥಳ ತನಿಖೆಯ ದಿನ ಬಹಳ ಮುಖ್ಯ. ನಲವತ್ತು ಜನ ಹೋಗಿ ಕೂಗಾಡಬೇಡಿ. ನಾವು ನಾಲ್ಕು ಜನ ಹೋದೆವು. ಗದ್ದೆ ಮಾಲೀಕರೂ ಇದ್ದರು. ತನಿಖೆಗೆ ಬಂದ ಅಧಿಕಾರಿಗಳು ರಸ್ತೆಯಲ್ಲಿ ನಿಂತು ನಕ್ಷೆ ನೋಡಿ ಹೊರಡುವವರಿದ್ದರು. "ಸರ್, ಹತ್ತು ನಿಮಿಷ, ಹಳ್ಳದ ತನಕ ಬನ್ನಿ" ಅಂತ ಬದುವಿನ ಮೇಲೆ ಕರೆದುಕೊಂಡು ಹೋದೆ. ಕೆಳಗಿನ ಮನೆ ಅಜ್ಜ ಟೇಪಿನ ಒಂದು ತುದಿ ಹಿಡಿದು ಹಳ್ಳಕ್ಕೆ ಇಳಿದರು. ಎಂಬತ್ತು ದಾಟಿದ ಅಜ್ಜ, ಮೊಣಕಾಲ ತನಕ ನೀರಿನಲ್ಲಿ ನಿಂತು, "ಇಲ್ಲಿಂದ ಅಲ್ಲಿಗೆ, ನಮ್ಮ ಅಪ್ಪನ ಕಾಲದಿಂದ ಇಷ್ಟೇ ಸ್ವಾಮಿ" ಅಂದರು. ಬಂದಿದ್ದ ಸರ್ವೆಯರ್ ತಾವೇ ಇನ್ನೊಂದು ತುದಿ ಹಿಡಿದು ಓದಿದರು. ಹನ್ನೆರಡು ಅಡಿ ಎಂಟು ಇಂಚು. ಅದನ್ನು ಮಹಜರಿನಲ್ಲಿ, ಅಂದರೆ ಸ್ಥಳದಲ್ಲೇ ಬರೆಯುವ ತನಿಖೆಯ ವರದಿಯಲ್ಲಿ, ಬರೆಯಿರಿ ಅಂತ ಕೇಳಿದೆ, ಬರೆದರು. ಮಹಜರಿಗೆ ಸಹಿ ಹಾಕುವ ಮುಂಚೆ ಪೂರ್ತಿ ಓದಿ. ಖಾಲಿ ಬಿಟ್ಟ ಜಾಗ ಇದ್ದರೆ ಗೆರೆ ಎಳೆಸಿ.

ಎರಡು ತಿಂಗಳ ಮೇಲೆ ತಿದ್ದಿದ ನಕ್ಷೆ ಬಂತು. ಹಳ್ಳ ಪೂರ್ತಿ ಅಗಲಕ್ಕೆ ಇತ್ತು. ಉದ್ಯಾನ ಹಳ್ಳದ ದಡಕ್ಕೆ ಬಂದಿತ್ತು. ಪೈಪಿನ ಜಾಗದಲ್ಲಿ ಮೋರಿ. ಎಲ್ಲ ಗೆದ್ದೆವು ಅಂತಲ್ಲ. ಲೇಔಟ್ ಒಳಗಿನ ರಸ್ತೆ 9 ಮೀಟರ್, ಅಲ್ಲಿಗೆ ಹೋಗುವ ನಮ್ಮ ಊರ ದಾರಿ 12 ಅಡಿ. ಎದುರಿಗೆ ಲಾರಿ ಬಂದರೆ ಶಾಲೆ ಮಕ್ಕಳು ಇವತ್ತಿಗೂ ಧರೆಗೆ (ದಾರಿ ಪಕ್ಕದ ಮಣ್ಣಿನ ದಿಬ್ಬಕ್ಕೆ) ಒತ್ತಿ ನಿಲ್ಲುತ್ತಾರೆ. ಅದನ್ನು ಅರ್ಜಿಯಲ್ಲಿ ಬರೆಯಲು ನನಗೆ ಹೊಳೆಯಲೇ ಇಲ್ಲ. ನೀವು ಬರೆಯಿರಿ. ಧರೆ ಕಡಿದು ಸೈಟ್ ಮಾಡುತ್ತಿದ್ದರೆ ಅದನ್ನೂ ಬರೆಯಿರಿ. ಎಷ್ಟು ಅಡಿ ಕಡಿಯುತ್ತಾರೆ, ತಡೆಗೋಡೆ ಇದೆಯಾ ಅಂತ ಕೇಳಿ.

ಸೈಟ್ ತೆಗೆದುಕೊಳ್ಳುವವರಿಗೂ ಒಂದು ಮಾತು. 500 ಚದರ ಮೀಟರಿಗಿಂತ ದೊಡ್ಡ ಲೇಔಟ್ ಆದರೆ ಮಾರುವ ಮುಂಚೆ, ಜಾಹೀರಾತು ಕೊಡುವ ಮುಂಚೆಯೇ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಆಗಿರಬೇಕು. ರೇರಾ ವೆಬ್‌ಸೈಟಿನಲ್ಲಿ ನಂಬರ್ ಹಾಕಿ, ಮಂಜೂರಾದ ನಕ್ಷೆ ತೆರೆದು, ನಿಮಗೆ ತೋರಿಸಿದ ನಕ್ಷೆಯ ಪಕ್ಕ ಇಟ್ಟು ನೋಡಿ. ಪಂಚಾಯಿತಿ ವ್ಯಾಪ್ತಿಯಲ್ಲಾದರೆ ಖಾತೆ ಮಂಜೂರಾದ ಸೈಟಿಗೆ ಕೊಡುವ ನಮೂನೆ 9 ಮತ್ತು 11-ಎ ಇದೆಯಾ, ಮಂಜೂರಾತಿ ಇಲ್ಲದ್ದಕ್ಕೆ ಕೊಡುವ 11-ಬಿ ಇದೆಯಾ ಕೇಳಿ. ಹಳ್ಳದ ಮೇಲೆ ಬಿದ್ದ ಸೈಟು ತೆಗೆದುಕೊಂಡವರ ಮನೆಗೂ ಅದೇ ನೀರು ಬರುತ್ತದೆ.

ಮಂಜೂರಾದ ನಕ್ಷೆಯ ಒಂದು ನಕಲು ಮನೆಯಲ್ಲಿರಲಿ. ಕೆಲಸ ಶುರುವಾದ ಮೇಲೆ ವಾರಕ್ಕೊಮ್ಮೆ ಆ ಕಡೆ ಹೋಗಿ ಬನ್ನಿ. ಸಾಮಾನ್ಯವಾಗಿ ಸೈಟುಗಳನ್ನು ಒಂದೇ ಸಲ ಬಿಡುಗಡೆ ಮಾಡುವುದಿಲ್ಲ. ರಸ್ತೆ, ಚರಂಡಿ, ಕರೆಂಟು ಕೆಲಸ ಆದಂತೆ ಹಂತ ಹಂತವಾಗಿ ಮಾಡುತ್ತಾರೆ. ಮೋರಿ ನಕ್ಷೆಯಂತೆ ಕಟ್ಟಿಲ್ಲ ಅಂತ ಆ ಸಮಯದಲ್ಲಿ ಫೋಟೋ ಸಮೇತ ಕೊಟ್ಟರೆ ಬೆಲೆ ಇದೆ. ರಸ್ತೆ, ಉದ್ಯಾನದ ಜಾಗ ಪ್ರಾಧಿಕಾರಕ್ಕೋ ಪಂಚಾಯಿತಿಗೋ ನೋಂದಣಿಯಾಗಿ ಸೇರಿದೆಯಾ ಅಂತಲೂ ಕೇಳಿ. ಆರಿದ್ರಾ ಮಳೆ ಹಿಡಿಯುವ ಮುಂಚೆ ಮೋರಿಯ ಬಾಯಲ್ಲಿ ಮಣ್ಣು, ಕಾಂಕ್ರೀಟ್ ಚೂರು, ಸೆಂಟ್ರಿಂಗ್ ಹಲಗೆ ಉಳಿದಿದೆಯಾ ನೋಡಿ ತೆಗೆಸಿ. ನಮ್ಮ ಬಿದಿರು ಗಳ ಈಗಲೂ ಅಲ್ಲೇ ಇದೆ. ಬಣ್ಣ ಮಾಸಿತ್ತು, ಈ ವರ್ಷ ಗದ್ದೆ ಮಾಲೀಕರೇ ಹೊಸ ಪಟ್ಟಿ ಹಾಕಿಸಿದ್ದಾರೆ.